ಗೇಟಿನ ಬಳಿ ರೈಲು ನಿಧಾನವಾದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗಿನ ಕಡೆಗೆ, ಗದಗಿನಿಂದ ಹೊಳೆಆಲೂರು, ಬಾದಾಮಿಯ ಕಡೆಗೆ, ಅಥವಾ ಕುಂದಗೋಳ, ಯಲವಿಗಿ, ಹಾವೇರಿ, ಬ್ಯಾಡಗಿಯ ಮಾರ್ಗದಲ್ಲಿ ರೈಲಿನಲ್ಲಿ ನಿತ್ಯ ಓಡಾಡುವವರಿಗೆಲ್ಲ ಪರಿಚಿತವಾದ ಸಂಗತಿಯೊಂದಿದೆ. ಊರೂ ಇಲ್ಲದ, ನಿಲ್ದಾಣವೂ ಇಲ್ಲದ ಬಯಲಿನಲ್ಲಿ ಗಾಡಿ ವೇಗ ಇಳಿಸುತ್ತದೆ. ಕಿಟಕಿಯ ಹೊರಗೆ ಒಂದು ರೈಲ್ವೆ ಗೇಟು ಹಾದುಹೋಗುತ್ತದೆ. ಆಮೇಲೆ ಗಾಡಿ ನಿಧಾನಕ್ಕೆ ಮತ್ತೆ ವೇಗ ಹಿಡಿಯುತ್ತದೆ. ಬೋಗಿಯಲ್ಲಿ ಕೂತವರು ‘ಗೇಟ್‌ಮನ್ ಗೇಟು ಹಾಕಿರಲಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಕೆಲವೊಮ್ಮೆ ಸರಿ, ಬಹಳ ಸಲ ತಪ್ಪು. ತಪ್ಪಾದಾಗ ದೂರು ಸಂಬಂಧವಿಲ್ಲದ ವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ ‘ನಮ್ಮಲ್ಲಿ ದೋಷವಿಲ್ಲ’ ಎಂಬ ಉತ್ತರ ಬರುತ್ತದೆ, ಗಾಡಿ ಮಾತ್ರ ಅದೇ ಜಾಗದಲ್ಲಿ ನಿಧಾನವಾಗುತ್ತಲೇ ಇರುತ್ತದೆ.

ಪ್ರಯಾಣಿಕರ ಸಂಘಗಳಲ್ಲಿ ದುಡಿಯುವವರು, ಗ್ರಾಮ ಪಂಚಾಯ್ತಿಯ ಸದಸ್ಯರು, ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳು ಮತ್ತು ಸೆಕ್ಷನ್ನಿಗೆ ಹೊಸದಾಗಿ ಬಂದ ರೈಲ್ವೆ ಸಿಬ್ಬಂದಿ, ಇವರು ಒಂದೇ ಗೇಟನ್ನು ನೋಡಿ ಒಂದೇ ನಿರ್ಣಯಕ್ಕೆ ಬರುವಂತಾಗಲಿ ಎಂಬ ಉದ್ದೇಶದಿಂದ ಈ ಕ್ರಮವನ್ನು ಬರೆದಿದ್ದೇನೆ. ಬ್ರಾಡ್‌ಗೇಜ್ ಮಾರ್ಗಗಳ ಮೇಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಅಂತ್ಯದೊಳಗೆ ತೆಗೆದುಹಾಕಲಾಗಿದೆಯಾದ್ದರಿಂದ ಇಲ್ಲಿ ಹೇಳುವುದೆಲ್ಲ ಗೇಟ್‌ಮನ್ ಇರುವ ಗೇಟುಗಳ ಕುರಿತಾದದ್ದು. ನೋಡುವ ಕೆಲಸವನ್ನು ರಸ್ತೆಯ ಬದಿಯಿಂದ, ಗೇಟಿನ ಹೊರಗೆ ನಿಂತೇ ಮಾಡಬೇಕು. ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದು ಅಪಾಯವಷ್ಟೇ ಅಲ್ಲ, 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧವೂ ಹೌದು.

ಲಕ್ಷಣವನ್ನು ಮೊದಲು ಬಿಡಿಸಿಕೊಳ್ಳಿ

‘ಗಾಡಿ ತಡವಾಯಿತು’ ಎಂಬುದು ಲಕ್ಷಣವಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ವೇಗಕ್ಕೆ ಇಳಿಯಿತು, ನಿಂತಿತೇ ಇಲ್ಲವೇ, ಎಲ್ಲ ಗಾಡಿಗಳಿಗೂ ಹಾಗೆಯೇ ಆಗುತ್ತದೆಯೇ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೇಟಿನ ಸಂಖ್ಯೆಯನ್ನು ಗುಮಟಿಯ, ಅಂದರೆ ಗೇಟ್‌ಮನ್ ಕೋಣೆಯ, ಮೇಲೆ ಬರೆದಿರುತ್ತಾರೆ. ಹಳಿಯ ಪಕ್ಕದ ಕಿಲೋಮೀಟರ್ ಕಲ್ಲು ಅಥವಾ ವಿದ್ಯುತ್ ಕಂಬದ ಸಂಖ್ಯೆಯಿಂದ ಜಾಗ ಖಚಿತವಾಗುತ್ತದೆ. ಜಾಗವನ್ನು ಹೆಸರಿಸದ ದೂರು ಯಾವ ಕಚೇರಿಯಲ್ಲೂ ಮುಂದಕ್ಕೆ ಹೋಗುವುದಿಲ್ಲ.

ದಿನದ ಎಲ್ಲ ಗಾಡಿಗಳೂ, ಹಗಲಿರಲಿ ರಾತ್ರಿಯಿರಲಿ, ಒಂದೇ ಜಾಗದಲ್ಲಿ ಒಂದೇ ವೇಗಕ್ಕೆ ಇಳಿದು ನಿಲ್ಲದೆ ಮುಂದೆ ಹೋಗುತ್ತಿದ್ದರೆ ಅಲ್ಲಿ ವೇಗಮಿತಿ ಹಾಕಿದ್ದಾರೆ ಎಂದು ಅರ್ಥ, ಮತ್ತು ದೋಷ ಹಳಿಯಲ್ಲಿದೆ. ಇದನ್ನು ಬಯಲಿನಿಂದಲೇ ಗುರುತಿಸಬಹುದು: ಗೇಟಿಗೆ ಸ್ವಲ್ಪ ಮೊದಲು ಹಳದಿ ತ್ರಿಕೋನದ ಫಲಕದಲ್ಲಿ ಕಪ್ಪು ಅಂಕಿಯಲ್ಲಿ 20, 30 ಅಥವಾ 45 ಎಂದು ವೇಗ ಬರೆದಿರುತ್ತದೆ, ಗೇಟು ದಾಟಿ ಒಂದು ರೈಲಿನ ಉದ್ದದಷ್ಟು ಆಚೆಗೆ ಮಿತಿ ಮುಗಿಯಿತೆಂದು ಹೇಳುವ ಹಳದಿ ಬಿಲ್ಲೆ ಇರುತ್ತದೆ. ಕೆಲವು ಗಾಡಿಗಳು ಮಾತ್ರ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯ ಗಾಡಿಗಳು, ಗೇಟಿಗೆ ಮುಂಚಿನ ಕೆಂಪು ಸಿಗ್ನಲ್ಲಿನ ಮುಂದೆ ನಿಲ್ಲುತ್ತಿದ್ದರೆ ದೋಷ ರಸ್ತೆಯ ಕಡೆಯದು. ಮಳೆ ಬಿದ್ದ ದಿನ ಅಥವಾ ಅದರ ಮರುದಿನ ಮಾತ್ರ ಹೀಗಾಗುತ್ತಿದ್ದರೆ ಸಿಗ್ನಲ್ಲಿಗಾಗಿ ಹಳಿಯಲ್ಲಿ ಹರಿಸುವ ವಿದ್ಯುತ್ತಿನ ಸರ್ಕ್ಯೂಟನ್ನು ಸಂಶಯಿಸಬೇಕು. ಗೇಟಿನ ಬಳಿ ಏನೂ ಆಗದೆ ಹಿಂದಿನ ನಿಲ್ದಾಣದಲ್ಲೇ ಗಾಡಿ ಕಾರಣವಿಲ್ಲದೆ ನಿಂತಂತೆ ಕಾಣುತ್ತಿದ್ದರೆ ಗೇಟಿನ ಟೆಲಿಫೋನನ್ನು ನೆನಪಿಸಿಕೊಳ್ಳಬೇಕು. ನಿಲ್ದಾಣದ ಪುಸ್ತಕದಲ್ಲಿ ತಡವೆಂದು ದಾಖಲಾದ ಜಾಗ ಬೇರೆ, ತಡ ಹುಟ್ಟಿದ ಜಾಗ ಬೇರೆ ಆಗಿರುವುದು ಈ ಕೊನೆಯ ಪ್ರಕರಣದಲ್ಲೇ ಹೆಚ್ಚು.

ಒಂದು ಗೇಟು ಎಷ್ಟು ಹೊತ್ತು ತಿನ್ನುತ್ತದೆ

‘ಹತ್ತು ಮೀಟರ್ ಅಗಲದ ರಸ್ತೆಗಾಗಿ ಎಷ್ಟು ತಡವಾದೀತು’ ಎಂದು ಕೇಳುವವರಿಗೆ ಲೆಕ್ಕವನ್ನು ಬಿಡಿಸಿ ತೋರಿಸುವುದು ಒಳ್ಳೆಯದು. ಇಪ್ಪತ್ತೆರಡು ಬೋಗಿಗಳ ಗಾಡಿ ಎಂಜಿನ್ ಸೇರಿ ಸುಮಾರು 550 ಮೀಟರ್ ಉದ್ದವಿರುತ್ತದೆ. ಗೇಟಿನ ಆಸುಪಾಸಿನ 100 ಮೀಟರಿಗೆ 30 ಕಿ.ಮೀ. ವೇಗಮಿತಿ ಹಾಕಿದ್ದರೆ, ಕೊನೆಯ ಬೋಗಿ ಆ 100 ಮೀಟರನ್ನು ದಾಟುವವರೆಗೆ, ಅಂದರೆ 650 ಮೀಟರ್ ದೂರ, ಇಡೀ ಗಾಡಿ 30ರಲ್ಲೇ ಹೋಗಬೇಕು. ಅದಕ್ಕೆ 78 ಸೆಕೆಂಡು ಹಿಡಿಯುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಾದರೆ 23 ಸೆಕೆಂಡು ಸಾಕಿತ್ತು. ಇದಕ್ಕೆ 100ರಿಂದ 30ಕ್ಕೆ ಇಳಿಯುವ ಒಂದು ಕಿಲೋಮೀಟರಿಗೂ ಮಿಕ್ಕ ದೂರವನ್ನು ಮತ್ತು 30ರಿಂದ 100ಕ್ಕೆ ಏರುವ ಸುಮಾರು ಎರಡು ಕಿಲೋಮೀಟರನ್ನು ಸೇರಿಸಿದರೆ ಒಟ್ಟು ನಷ್ಟ ಎರಡು ನಿಮಿಷದ ಆಸುಪಾಸಿಗೆ ಬರುತ್ತದೆ. ತುಂಬಿದ ಗೂಡ್ಸ್ ಗಾಡಿಗೆ ವೇಗ ಹಿಡಿಯಲು ಇನ್ನೂ ಹೆಚ್ಚು ಹೊತ್ತು ಬೇಕು. ಗಾಡಿ ಪೂರ್ತಿ ನಿಂತು ಹೊರಟರೆ, ನಿಂತ ಹೊತ್ತನ್ನು ಬಿಟ್ಟೂ, ನಿಲ್ಲುವುದಕ್ಕೆ ಮತ್ತು ಮೊದಲಿನ ವೇಗಕ್ಕೆ ಮರಳುವುದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹೋಗುತ್ತದೆ.

ಎರಡು ನಿಮಿಷ ದೊಡ್ಡದಲ್ಲ. ಆದರೆ ಗದಗ–ಹೊಟಗಿಯಂಥ 284 ಕಿ.ಮೀ. ಉದ್ದದ ಮಾರ್ಗದಲ್ಲಿ ಇಂಥ ಗೇಟುಗಳು ನಾಲ್ಕಾರು ಸೇರಿದರೆ, ಮತ್ತು ಜೋಡಿ ಹಳಿ ಇಲ್ಲದ ಕಡೆ ಎದುರಿನ ಗಾಡಿ ಮುಂದಿನ ನಿಲ್ದಾಣದಲ್ಲಿ ಕ್ರಾಸಿಂಗಿಗೆ ಕಾಯುತ್ತಿದ್ದರೆ, ಒಂದು ಗಾಡಿಯ ತಡ ಇನ್ನೊಂದರ ತಡವಾಗಿ ದಾಟಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಹಾನಿಕರವಾದ ಸಂಗತಿ ವೇಳಾಪಟ್ಟಿಯೊಳಗೆ ಅಡಗಿದೆ. ಹಳಿ ಕೆಲಸಗಳಿಂದಾಗುವ ವಿಳಂಬಕ್ಕೆಂದು ವೇಳಾಪಟ್ಟಿಯಲ್ಲಿ ಹೆಚ್ಚುವರಿ ನಿಮಿಷಗಳನ್ನು ಮೊದಲೇ ಸೇರಿಸಿರುತ್ತಾರೆ. ಗೇಟಿನ ವೇಗಮಿತಿ ತಿಂಗಳುಗಟ್ಟಲೆ ಉಳಿದರೆ ಆ ನಿಮಿಷಗಳು ಅದಕ್ಕೇ ಖರ್ಚಾಗುತ್ತವೆ. ಗಾಡಿ ಕೊನೆಯ ನಿಲ್ದಾಣಕ್ಕೆ ಸಮಯಕ್ಕೆ ಸರಿಯಾಗಿ ತಲುಪುತ್ತದೆ. ದಾಖಲೆಯಲ್ಲಿ ತಡವೇ ಇರುವುದಿಲ್ಲ. ಆದ್ದರಿಂದ ಕೊನೆಯ ನಿಲ್ದಾಣದ ಸಮಯವನ್ನು ನೋಡಿ ಮಾರ್ಗ ಚೆನ್ನಾಗಿದೆ ಎನ್ನುವುದು ಸರಿಯಲ್ಲ. ನಡುವಿನ ಎರಡು ನಿಲ್ದಾಣಗಳ ಓಟದ ಸಮಯವನ್ನು ಅಳೆಯಬೇಕು.

ವೇಗಮಿತಿ ಇದ್ದರೆ: ಗೇಟಿನೊಳಗಿನ ಹಳಿ

ಗೇಟಿನ ಹಳಿ ಉಳಿದೆಡೆಯ ಹಳಿಗಿಂತ ಬೇಗ ಕೆಡುವುದಕ್ಕೆ ಮುಖ್ಯ ಕಾರಣ ಅದನ್ನು ಸುಲಭವಾಗಿ ಮುಟ್ಟಲಾಗದಿರುವುದು. ಬಯಲಿನ ಹಳಿಯ ಕೆಳಗಿನ ಜಲ್ಲಿಯನ್ನು ಟ್ಯಾಂಪಿಂಗ್ ಯಂತ್ರ ಕುಟ್ಟಿ ಬಿಗಿಗೊಳಿಸುತ್ತ ಸಾಗುತ್ತದೆ. ಗೇಟು ಬಂದಾಗ, ಮೇಲಿನ ರಸ್ತೆಯ ಹಾಸನ್ನೂ ಹಳಿಯ ಒತ್ತಿನಲ್ಲಿ ಹಾಕಿದ ಚೆಕ್ ರೈಲುಗಳನ್ನೂ ಮೊದಲೇ ತೆಗೆದಿಡದಿದ್ದರೆ, ಯಂತ್ರ ತನ್ನ ಕುಟ್ಟುವ ಕೈಗಳನ್ನು ಎತ್ತಿಕೊಂಡು ಮುಂದಕ್ಕೆ ಹೋಗಬೇಕಾಗುತ್ತದೆ. ತೆಗೆದಿಡಬೇಕೆಂದರೆ ರೈಲಿಗೂ ಬ್ಲಾಕ್ ಬೇಕು, ಅಂದರೆ ಆ ಹೊತ್ತಿಗೆ ಗಾಡಿಗಳನ್ನು ತಡೆಯಬೇಕು, ರಸ್ತೆಯೂ ಅದೇ ಹೊತ್ತಿಗೆ ಬಂದ್ ಆಗಬೇಕು. ಈ ಎರಡು ಅನುಮತಿಗಳು ಒಂದೇ ದಿನಕ್ಕೆ ಹೊಂದಿಕೊಳ್ಳುವುದು ಕಷ್ಟ. ಆಳುಗಳೂ ಹಣವೂ ಕಡಿಮೆಯಿರುವ ಸೆಕ್ಷನ್ನಿನಲ್ಲಿ ಮೊದಲು ಮುಂದಕ್ಕೆ ಹೋಗುವ ಕೆಲಸ ಇದೇ. ಪ್ರತಿ ಗೇಟನ್ನು ವರ್ಷಕ್ಕೆ ಒಂದು ಸಲವಾದರೂ ಬಿಚ್ಚಿ ಪರೀಕ್ಷಿಸಬೇಕೆಂದು ಹಳಿ ನಿರ್ವಹಣೆಯ ನಿಯಮಾವಳಿ ಹೇಳುತ್ತದೆ. ಆದ್ದರಿಂದ ಸಂಬಂಧಪಟ್ಟವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಈ ಗೇಟನ್ನು ಕಡೆಯ ಸಲ ಯಾವಾಗ ಬಿಚ್ಚಿದ್ದೀರಿ?

ಬಿಚ್ಚಿದಾಗ ಕಾಣುವುದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ದೋಷದ ಮೂಲ ಅಲ್ಲೇ ಇರುತ್ತದೆ. ಕಾಂಕ್ರೀಟ್ ಬ್ಲಾಕುಗಳನ್ನು ಹಾರೆ ಹಾಕಿ ಎತ್ತುತ್ತಿದ್ದಂತೆ ಕೆಳಗೆ ಜಲ್ಲಿಯ ಬದಲು ಹಸಿ ಕಪ್ಪು ಮಣ್ಣು ಕೈಗೆ ಬರುತ್ತದೆ. ಅದರೊಳಗೆ ಜಲ್ಲಿಯ ಕಲ್ಲುಗಳು ಹೂತು ಕೂತಿರುತ್ತವೆ, ಅವುಗಳ ಅಂಚು ಸವೆದು ದುಂಡಗಾಗಿರುತ್ತದೆ. ಹಳಿಯನ್ನು ಹೊರುವ ಅಡ್ಡ ತೊಲೆಯಾದ ಸ್ಲೀಪರಿನ ಮೇಲಿನ ಸ್ಪ್ರಿಂಗ್ ಕ್ಲಿಪ್ಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದು ಸುತ್ತಿಗೆಯ ಏಟಿಗೂ ಅಲುಗುವುದಿಲ್ಲ. ಹಳಿಯ ಕೆಳಗಿನ ರಬ್ಬರ್ ಪ್ಯಾಡು ಹರಿದು ಪಕ್ಕಕ್ಕೆ ಸರಿದಿರುತ್ತದೆ. ಹಳಿಯ ಪಾದದಿಂದ ತುಕ್ಕಿನ ಹಪ್ಪಳಗಳು ಎದ್ದು ಬರುತ್ತವೆ. ಮೇಲಿಂದ ನೋಡಿದಾಗ ಹೊಳೆಯುತ್ತಿದ್ದ ಹಳಿಯ ತಲೆ ಈ ಪಾದದ ಸ್ಥಿತಿಯ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ಚೆಕ್ ರೈಲಿಗೂ ಹಳಿಗೂ ನಡುವೆ ಗಾಲಿಯ ಅಂಚು ಹಾಯಲು ಬಿಡುವ ಸಂದು 51ರಿಂದ 57 ಮಿಲಿಮೀಟರ್ ಇರಬೇಕು, ಆಳ 38 ಮಿಲಿಮೀಟರಿಗೆ ಕಡಿಮೆಯಿರಬಾರದು. ಟ್ರ್ಯಾಕ್ಟರಿನ ಟೈರಿಗೆ ಅಂಟಿ ಬಂದ ಹೊಲದ ಮಣ್ಣು, ರಸ್ತೆಯ ಗರಸು ಎಲ್ಲವೂ ಸೇರುವುದು ಆ ಸಂದಿಗೇ. ಗೇಟ್‌ಮನ್ ದಿನವೂ ಕಬ್ಬಿಣದ ಸಲಾಕೆಯಿಂದ ಅದನ್ನು ಕೆರೆದು ತೆಗೆಯುತ್ತಿರುತ್ತಾನೆ. ಮಳೆಗಾಲದ ಸಂತೆಯ ದಿನ ಅವನು ಈ ಕೆಲಸವನ್ನು ಎಷ್ಟು ಸಲ ಮಾಡಬೇಕಾಗುತ್ತದೆ ಎಂಬುದನ್ನು ಗೇಟಿನ ಬಳಿ ಅರ್ಧ ದಿನ ನಿಂತವರಷ್ಟೇ ಬಲ್ಲರು.

ಹುಬ್ಬಳ್ಳಿಯಿಂದ ಗದಗಿನವರೆಗಿನ ನೆಲ ಹೆಚ್ಚಿನಂಶ ಎರಿ ಭೂಮಿ. ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಹಳಿಯ ಕೆಳಗೆ ನೀರು ನಿಂತರೆ ಪ್ರತಿ ಗಾಲಿಯ ಒತ್ತಡಕ್ಕೆ ಮಣ್ಣು ಕೆಸರಾಗಿ ಜಲ್ಲಿಯ ಸಂದುಗಳ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಜಲ್ಲಿ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ, ಸ್ಲೀಪರು ಗಾಳಿಯಲ್ಲಿ ತೂಗಿದಂತಾಗುತ್ತದೆ, ಒಂದು ಹಳಿ ಇನ್ನೊಂದಕ್ಕಿಂತ ತಗ್ಗುತ್ತದೆ. ತಪಾಸಣೆಯ ಗಾಡಿ ಈ ಏರುಪೇರನ್ನು ದಾಖಲಿಸುತ್ತದೆ ಅಥವಾ ಲೋಕೋ ಪೈಲಟ್ ‘ಗೇಟಿನಲ್ಲಿ ಹೊಡೆತ’ ಎಂದು ವರದಿ ಕೊಡುತ್ತಾನೆ, ಆಗ ವೇಗಮಿತಿ ಬರುತ್ತದೆ. ಗೇಟಿನ ಎರಡೂ ತುದಿಗಳಲ್ಲಿ ಜಲ್ಲಿಯ ಮೇಲೆ ಬೂದು ಬಿಳುಪಿನ ಕೆಸರಿನ ಕಲೆ ಇದೆಯೇ ಎಂದು ರಸ್ತೆಯಿಂದಲೇ ನೋಡಬಹುದು. ಬೇಸಿಗೆಯಲ್ಲಾದರೆ ಅದು ಒಣಗಿ ಹಿಟ್ಟಿನಂತಾಗಿರುತ್ತದೆ, ಗಾಡಿ ಹಾಯುವಾಗ ಧೂಳಾಗಿ ಏಳುತ್ತದೆ. ಈ ಕಲೆ ಕಂಡರೆ ಹುಡುಕಾಟವನ್ನು ಹಳಿಯಲ್ಲಿ ನಿಲ್ಲಿಸದೆ ನೀರಿನ ಜಾಡನ್ನು ಹಿಡಿಯಬೇಕು.

ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನನ್ನ ಅನುಭವದಲ್ಲಿ ಉತ್ತರ ಬಹುಮಟ್ಟಿಗೆ ರಸ್ತೆಯ ಕಡೆಯಿಂದಲೇ ಸಿಕ್ಕಿದೆ. ರಸ್ತೆಗೆ ಡಾಂಬರು ಹಾಕುವಾಗಲೆಲ್ಲ ಹಳೆಯ ಪದರದ ಮೇಲೆ ಹೊಸ ಪದರ ಬೀಳುತ್ತದೆ. ಗೇಟಿನ ಹತ್ತಿರಕ್ಕೆ ಬಂದಾಗ ರೈಲ್ವೆಯ ಗಡಿಯಲ್ಲಿ ಕೆಲಸ ನಿಲ್ಲುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ಎರಡೂ ಬದಿಯ ರಸ್ತೆ ಎತ್ತರವಾಗಿ ಗೇಟು ತಗ್ಗಾಗುತ್ತದೆ, ರಸ್ತೆಯ ಮೇಲೆ ಬಿದ್ದ ಮಳೆಯೆಲ್ಲ ಹಳಿಗೇ ಹರಿದು ಬರುತ್ತದೆ. ಇನ್ನೊಂದು ಕಾರಣ ಕಣ್ಣಿಗೆ ಬೀಳದ್ದು. ಹಳಿಯ ಪಕ್ಕದ ಗಟಾರದ ನೀರು ರಸ್ತೆಯನ್ನು ದಾಟಿ ಮುಂದಕ್ಕೆ ಹೋಗಲು ರಸ್ತೆಯ ಕೆಳಗೆ ಪೈಪು ಇರಬೇಕು. ಪೈಪು ಹೂತುಹೋಗಿದ್ದರೆ, ಕಬ್ಬಿಣದ ಸರಳಿಲ್ಲದ ಹಳೆಯ ಪೈಪು ಲಾರಿಯ ಭಾರಕ್ಕೆ ಒಡೆದಿದ್ದರೆ, ಅಥವಾ ಯಾರೂ ಪೈಪನ್ನೇ ಹಾಕಿರದಿದ್ದರೆ ರಸ್ತೆಯ ಏರಿ ಒಡ್ಡಿನಂತೆ ನೀರನ್ನು ತಡೆದು ಹಳಿಯ ಬುಡದಲ್ಲಿ ನಿಲ್ಲಿಸುತ್ತದೆ. ಗೇಟಿನ ನಡುವಿನ ರಸ್ತೆ ರೈಲ್ವೆಯದು, ಗಡಿಯಾಚೆಗಿನದು ರಸ್ತೆಯ ಇಲಾಖೆಯದು ಅಥವಾ ಪಂಚಾಯ್ತಿಯದು. ಗಡಿಯ ಕೆಳಗಿನ ಪೈಪು ಯಾರದೆಂದು ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹಳಿಗೆ ಹೊಸ ಜಲ್ಲಿ ಹಾಕಿ ಆ ಪೈಪನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗಾಲದ ಕೊನೆಗೆ ಅದೇ ವೇಗಮಿತಿ ಮರಳಿ ಬರುತ್ತದೆ. ಆದ್ದರಿಂದ ದುರಸ್ತಿಯ ಕ್ರಮ ಹೀಗಿರಬೇಕು: ಮೊದಲು ನೀರಿಗೆ ದಾರಿ, ಆಮೇಲೆ ಜಲ್ಲಿ, ಆಮೇಲೆ ಕ್ಲಿಪ್ಪು ಮತ್ತು ಪ್ಯಾಡು, ಕೊನೆಗೆ ರಸ್ತೆಯ ಹಾಸು.

ಹಳಿಯನ್ನು ಎತ್ತುತ್ತ ಹೋದಂತೆ ಇದರ ಎದುರಿನ ತೊಂದರೆಯೂ ಹುಟ್ಟುತ್ತದೆ. ಗೇಟು ಉಬ್ಬಾಗಿ, ತಗ್ಗಿನ ಟ್ರೇಲರುಗಳ ತಳ ಹಳಿಗೆ ತಾಗಿ ವಾಹನ ಸಿಕ್ಕಿಕೊಳ್ಳುತ್ತದೆ. ರಸ್ತೆ ಮತ್ತು ಹಳಿಯ ಮಟ್ಟವನ್ನು ಎರಡು ಇಲಾಖೆಯವರು ಒಟ್ಟಿಗೆ ನಿಂತು ಅಳೆಯದೆ ಈ ತೊಡಕು ಬಗೆಹರಿಯದು.

ಹಳಿಯ ಜೋಡಣೆ ಗೇಟಿನೊಳಗೆ ಬಿದ್ದಿದೆಯೇ ಎಂಬುದನ್ನೂ ಸಿಬ್ಬಂದಿ ಖಚಿತಪಡಿಸಿಕೊಳ್ಳಬೇಕು. ಗೇಟಿನೊಳಗೂ ಅದರ ಅಂಚಿನಿಂದ 3 ಮೀಟರಿನೊಳಗೂ ಜೋಡಣೆ ಇರಕೂಡದು.

ಕೆಂಪು ಸಿಗ್ನಲ್ಲಿಗೆ ನಿಲ್ಲುತ್ತಿದ್ದರೆ

ಇಲ್ಲಿ ಒಂದೇ ಒಂದು ವಿವರ ಎರಡು ಬೇರೆ ದೋಷಗಳನ್ನು ಬೇರ್ಪಡಿಸುತ್ತದೆ: ಗಾಡಿ ಕೆಂಪಿಗೆ ನಿಂತಿದ್ದಾಗ ಗೇಟು ಬಿದ್ದಿತ್ತೇ, ತೆರೆದಿತ್ತೇ? ಬಿದ್ದಿದ್ದೂ ಸಿಗ್ನಲ್ ಕೆಂಪೇ ಇದ್ದರೆ ದೋಷ ಸಿಗ್ನಲ್ಲಿನದು. ತೆರೆದಿದ್ದರೆ ರಸ್ತೆಯದು. ಗೇಟಿನ ಹೊರಗೆ ನಿಂತ ಯಾರು ಬೇಕಾದರೂ ಇದನ್ನು ಗಮನಿಸಿ ಸಮಯದ ಸಮೇತ ಬರೆದಿಡಬಹುದು.

ಇಂಟರ್‌ಲಾಕ್ ಆದ ಗೇಟಿನಲ್ಲಿ ಗೇಟು ಬಿದ್ದು ಬೀಗವಾಗದೆ ಸಿಗ್ನಲ್ ಬಿಡುವುದಿಲ್ಲ, ಸಿಗ್ನಲ್ ಬಿಟ್ಟ ಮೇಲೆ ಗಾಡಿ ದಾಟದೆ ಗೇಟು ಏಳುವುದಿಲ್ಲ. ಎರಡು ನಿಲ್ದಾಣಗಳ ನಡುವಿನ ಗೇಟಿನ ಸಿಗ್ನಲ್ಲಿಗೆ ಹಳದಿ ಬಿಲ್ಲೆಯ ಮೇಲೆ ಕಪ್ಪು ‘ಜಿ’ ಅಕ್ಷರ ಇರುತ್ತದೆ. ಅದು ಕೆಂಪಾಗಿದ್ದರೆ ಲೋಕೋ ಪೈಲಟ್ ಸೀಟಿ ಹಾಕಿ ನಿಲ್ಲಬೇಕು, ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ಕಾಯಬೇಕು. ಆಮೇಲೂ ಸಿಗ್ನಲ್ ಬಿಡದಿದ್ದರೆ ಎಚ್ಚರಿಕೆಯಿಂದ ಗೇಟಿನವರೆಗೆ ಬಂದು, ಗೇಟ್‌ಮನ್ ಕೈಸನ್ನೆ ತೋರಿಸಿದರೆ ದಾಟಬೇಕು. ಗೇಟ್‌ಮನ್ ಕಾಣದಿದ್ದರೆ ಗೇಟಿಗೆ ಮುಂಚೆಯೇ ನಿಂತು, ಸಿಬ್ಬಂದಿಯೊಬ್ಬರು ಇಳಿದು ಗೇಟು ಹಾಕಿ ಸನ್ನೆ ಕೊಟ್ಟ ನಂತರವೇ ಮುಂದುವರಿಯಬೇಕು. ಇದೆಲ್ಲ ಸುರಕ್ಷತೆಗಾಗಿ ಇರುವ ನಿಯಮ, ಇದನ್ನು ಮೊಟಕುಗೊಳಿಸಿ ಸಮಯ ಉಳಿಸಬೇಕೆಂದು ಯಾರೂ ಕೇಳಕೂಡದು. ನಿಲ್ದಾಣದ ಯಾರ್ಡಿನೊಳಗೆ ಬರುವ ಗೇಟಿನದು ಬೇರೆ ಕಥೆ: ಅದು ಗಾಡಿಯನ್ನು ನಿಲ್ದಾಣದೊಳಗೆ ಬಿಡುವ ಹೋಮ್ ಸಿಗ್ನಲ್ಲಿಗೆ ಅಥವಾ ಹೊರಡಿಸುವ ಸ್ಟಾರ್ಟರ್ ಸಿಗ್ನಲ್ಲಿಗೆ ಬೆಸೆದುಕೊಂಡಿರುತ್ತದೆ. ಗೇಟು ಬೀಳದಿದ್ದರೆ ಗಾಡಿ ನಿಲ್ದಾಣದ ಹೊರಗೆ ನಿಲ್ಲುತ್ತದೆ, ಜನ ‘ಪ್ಲಾಟ್‌ಫಾರ್ಮ್ ಖಾಲಿ ಇಲ್ಲ’ ಎಂದುಕೊಳ್ಳುತ್ತಾರೆ.

ಗೇಟು ಬಿದ್ದಿದ್ದೂ ಸಿಗ್ನಲ್ ಬಾರದಿರುವುದಕ್ಕೆ ಮೊದಲು ನೋಡಬೇಕಾದದ್ದು ಗೇಟಿನ ಅಡ್ಡಪಟ್ಟಿ ಪೂರ್ತಿ ಕೆಳಗಿಳಿದು ಬೀಗದ ಕೊಂಡಿಯಲ್ಲಿ ಕೂತಿದೆಯೇ ಎಂಬುದನ್ನು. ಕೈಯಿಂದ ತಿರುಗಿಸುವ ವಿಂಚಿನ ಗೇಟಿನಲ್ಲಿ ಉಕ್ಕಿನ ಹಗ್ಗ ಸಡಿಲಾದರೆ ಒಂದು ಬದಿಯ ಪಟ್ಟಿ ಬೆರಳಗಲ ಮೇಲೆ ನಿಲ್ಲುತ್ತದೆ, ಅಷ್ಟಕ್ಕೇ ಸಂಪರ್ಕ ಸೇರುವುದಿಲ್ಲ. ಕಣಕಿ ಹೇರಿದ ಟ್ರ್ಯಾಕ್ಟರ್ ಗುದ್ದಿ ಪಟ್ಟಿ ಬಾಗಿದ್ದರೂ ಇದೇ ಪರಿಣಾಮ. ಪಟ್ಟಿ ಮುರಿದಾಗ ಅಡ್ಡ ಎಳೆದು ಬೀಗ ಹಾಕುವ ಸ್ಲೈಡಿಂಗ್ ಬೂಮ್ ಇರುವ ಗೇಟಿನಲ್ಲಿ ಸಿಗ್ನಲ್ ಮತ್ತೆ ಕೆಲಸ ಮಾಡುತ್ತದೆ. ಅದಿಲ್ಲದ ಗೇಟಿನಲ್ಲಿ, ಅಥವಾ ಇದ್ದೂ ತುಕ್ಕು ಹಿಡಿದು ಜರುಗದ ಗೇಟಿನಲ್ಲಿ, ಹೊಸ ಪಟ್ಟಿ ಬರುವವರೆಗೆ ಪ್ರತಿ ಗಾಡಿಯೂ ನಿಂತು ಹೋಗಬೇಕು. ಕಡಿಮೆ ಖರ್ಚಿನಲ್ಲಿ ಹೆಚ್ಚು ನಿಮಿಷ ಉಳಿಸುವ ಉಪಕರಣ ಈ ಸ್ಲೈಡಿಂಗ್ ಬೂಮ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಳೆಯಲ್ಲಿ ಮಾತ್ರ ಬರುವ ದೋಷಕ್ಕೆ ಕಾರಣ ಮತ್ತೆ ಅದೇ ಕೆಸರು. ಹಳಿಯಲ್ಲಿ ವಿದ್ಯುತ್ ಹರಿಸಿ ಗಾಡಿಯ ಇರವನ್ನು ಗುರುತಿಸುವ ಟ್ರ್ಯಾಕ್ ಸರ್ಕ್ಯೂಟಿನಲ್ಲಿ, ಎರಡು ಹಳಿಗಳ ನಡುವಿನ ಜಲ್ಲಿ ವಿದ್ಯುತ್ತನ್ನು ತಡೆಯುವಷ್ಟು ಶುಷ್ಕವಾಗಿರಬೇಕು. ಆ ತಡೆ ಎರಡು ನಿಲ್ದಾಣಗಳ ನಡುವಿನ ಬ್ಲಾಕ್ ಸೆಕ್ಷನ್ನಿನಲ್ಲಿ ಕಿಲೋಮೀಟರಿಗೆ 4 ಓಮ್, ಯಾರ್ಡಿನಲ್ಲಿ 2 ಓಮ್‌ಗಿಂತ ಕೆಳಗಿಳಿಯಬಾರದು. ಗೇಟಿನಲ್ಲಿ ಹಸಿ ಮಣ್ಣು ತುಂಬಿದಾಗ ವಿದ್ಯುತ್ ಒಂದು ಹಳಿಯಿಂದ ಇನ್ನೊಂದಕ್ಕೆ ಸೋರಿ, ಗಾಡಿ ಇಲ್ಲದಿದ್ದರೂ ಇದೆ ಎಂದು ರಿಲೇ ಎಂಬ ವಿದ್ಯುತ್ ಸ್ವಿಚ್ಚು ತೋರಿಸುತ್ತದೆ. ಸಿಗ್ನಲ್ ವಿಭಾಗದವರು ಬಂದು ವೋಲ್ಟೇಜನ್ನು ಹೊಂದಿಸಿ ಹೋಗುತ್ತಾರೆ, ಎರಡು ಬಿಸಿಲು ಬಿದ್ದರೆ ದೋಷ ತಾನಾಗಿ ಮಾಯವಾಗುತ್ತದೆ, ಕಡತ ಮುಚ್ಚುತ್ತದೆ. ಹಳಿ ವಿಭಾಗಕ್ಕೆ ಆ ಸುದ್ದಿ ಮುಟ್ಟುವುದೇ ಇಲ್ಲ. ಡೇಟಾ ಲಾಗರಿನಲ್ಲಿ ಈ ಏಳುಬೀಳುಗಳು ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗಿರುತ್ತವೆ. ಅದನ್ನು ಮಳೆಯ ದಿನಗಳೊಂದಿಗೆ ಹೋಲಿಸಿದರೆ ಎರಡು ವಿಭಾಗಗಳ ವಾದ ಮುಗಿಯುತ್ತದೆ.

ಗೇಟು ಹಾಕಲಾಗದೆ ತಡವಾಗುತ್ತಿದ್ದರೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಭರದಲ್ಲಿರುವ ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ, ಗೋವಿನಜೋಳದ ಒಕ್ಕಲು ಮುಗಿದು ಲಾರಿಗಳು ಹೊರಡುವ ಹೊತ್ತಿನಲ್ಲಿ, ವಾರದ ಸಂತೆಯ ದಿನ, ಗೇಟಿನ ಎರಡೂ ಕಡೆ ಟ್ರ್ಯಾಕ್ಟರು, ಟಂಟಂ, ಚಕ್ಕಡಿ, ಶಾಲೆಯ ಬಸ್ಸು, ಬೈಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಗೇಟ್‌ಮನ್ ಗಂಟೆ ಬಾರಿಸಿ ಪಟ್ಟಿಯನ್ನು ಇಳಿಸತೊಡಗಿದರೂ ಒಂದರ ಹಿಂದೆ ಒಂದು ವಾಹನ ನುಗ್ಗುತ್ತಲೇ ಇರುತ್ತದೆ. ಇದನ್ನು ಜನರ ಅಶಿಸ್ತು ಎಂದು ಬರೆದು ಮುಗಿಸುವುದು ಸುಲಭ. ಆದರೆ ಗೇಟು ಎಷ್ಟು ಹೊತ್ತು ಬಿದ್ದಿರುತ್ತದೆ ಎಂಬುದನ್ನು ಅಳೆಯದೆ ಹಾಗೆ ಬರೆಯುವುದು ನ್ಯಾಯವಲ್ಲ. ಗಾಡಿ ಹತ್ತು ಕಿಲೋಮೀಟರ್ ದೂರದ ನಿಲ್ದಾಣವನ್ನು ಬಿಡುವ ಮೊದಲೇ ಗೇಟು ಹಾಕಬೇಕಾದ ಏರ್ಪಾಡಿದ್ದರೆ, ಸರಾಸರಿ 60 ಕಿ.ಮೀ. ವೇಗದಲ್ಲಿ ಅದು ಬರುವುದಕ್ಕೇ ಹತ್ತು ನಿಮಿಷ ಬೇಕು. ಅಷ್ಟರೊಳಗೆ ಎದುರಿನಿಂದ ಇನ್ನೊಂದು ಗಾಡಿ ಹೊರಟರೆ ಗೇಟು ಏಳುವುದೇ ಇಲ್ಲ. ಕಾದು ಬೇಸತ್ತವರು ಮುಂದಿನ ಸಲ ಗೇಟು ಬೀಳುವ ಮೊದಲೇ ನುಗ್ಗುತ್ತಾರೆ, ಅದರಿಂದ ಗೇಟು ತಡವಾಗಿ ಬೀಳುತ್ತದೆ, ಗಾಡಿ ಸಿಗ್ನಲ್ಲಿಗೆ ನಿಲ್ಲುತ್ತದೆ, ನಿಂತು ಹೊರಟ ಗಾಡಿ ದಾಟಲು ಹೆಚ್ಚು ಹೊತ್ತು ಹಿಡಿದು ಗೇಟು ಇನ್ನೂ ಉದ್ದಕ್ಕೆ ಬಿದ್ದಿರುತ್ತದೆ. ಈ ಸುತ್ತನ್ನು ಮುರಿಯಬೇಕಾದದ್ದು ಗೇಟು ಬಿದ್ದಿರುವ ಹೊತ್ತನ್ನು ಕಡಿಮೆ ಮಾಡುವ ಕಡೆಯಿಂದ. ಗಾಡಿ ನಿರ್ದಿಷ್ಟ ದೂರಕ್ಕೆ ಬಂದಾಗ ಗೇಟ್‌ಮನ್‌ಗೆ ಎಚ್ಚರಿಕೆ ಕೊಡುವ ಗಂಟೆ, ಇಂಟರ್‌ಲಾಕಿಂಗ್, ವಿಂಚಿನ ಬದಲು ವಿದ್ಯುತ್ತಿನಿಂದ ಇಳಿಯುವ ಪಟ್ಟಿ, ರಸ್ತೆಗೆ ನಡುವೆ ವಿಭಜಕ, ಇವು ಅದರ ಸಾಧನಗಳು. ಬಿದ್ದ ಗೇಟನ್ನು ಎತ್ತುವುದು ರೈಲ್ವೆ ಕಾಯ್ದೆಯ 160ನೇ ಕಲಮಿನಡಿ ಮೂರು ವರ್ಷಗಳವರೆಗೆ, ಮುರಿಯುವುದು ಐದು ವರ್ಷಗಳವರೆಗೆ ಜೈಲು ಶಿಕ್ಷೆ ತರಬಹುದಾದ ಅಪರಾಧ ಎಂಬುದನ್ನು ಊರಿನಲ್ಲಿ ತಿಳಿಸಿ ಹೇಳುವುದೂ ಬೇಕು.

ಇಂಟರ್‌ಲಾಕ್ ಆಗದ ಗೇಟಿನಲ್ಲಿ ಸ್ಟೇಷನ್ ಮಾಸ್ತರರು ಗಾಡಿ ಬಿಡುವ ಮೊದಲು ಗೇಟ್‌ಮನ್‌ಗೆ ಫೋನ್ ಮಾಡಿ, ಗೇಟು ಹಾಕಿದ ಖಾತ್ರಿಗೆ ಪ್ರೈವೇಟ್ ನಂಬರ್ ಎಂಬ ಗುಪ್ತ ಸಂಖ್ಯೆಯನ್ನು ಪಡೆಯುತ್ತಾರೆ. ಫೋನ್ ಕೆಟ್ಟಿದ್ದರೆ ಲೋಕೋ ಪೈಲಟ್‌ಗೆ ಕಾಷನ್ ಆರ್ಡರ್ ಎಂಬ ಎಚ್ಚರಿಕೆಯ ಆದೇಶವನ್ನು ಬರೆದುಕೊಡಬೇಕು, ಗಾಡಿ ಆ ಗೇಟಿನಲ್ಲಿ ಎಚ್ಚರಿಕೆಯಿಂದ ಹೋಗಬೇಕು. ಬ್ಯಾಟರಿ ಮತ್ತು ಕೇಬಲ್ಲಿನ ಪರೀಕ್ಷೆ ಅಗ್ಗದ ಕೆಲಸ, ಅದನ್ನೇ ಮೊದಲು ಮಾಡಬೇಕು.

ಗೇಟನ್ನೇ ತೆಗೆಯುವ ಪ್ರಶ್ನೆ

ಮೇಲ್ಸೇತುವೆಯೇ ಪರಿಹಾರ ಎಂದು ಹೇಳುವವರು ಟಿ.ವಿ.ಯು. (ಟ್ರೇನ್ ವೆಹಿಕಲ್ ಯೂನಿಟ್) ಲೆಕ್ಕವನ್ನು ತಿಳಿದಿರಬೇಕು. ದಿನಕ್ಕೆ ಗೇಟು ದಾಟುವ ರೈಲುಗಳ ಸಂಖ್ಯೆಯನ್ನು ರಸ್ತೆಯ ವಾಹನ ಘಟಕಗಳ ಸಂಖ್ಯೆಯಿಂದ ಗುಣಿಸಿದರೆ ಅದು ಸಿಗುತ್ತದೆ. ಮೋಟಾರು ವಾಹನಕ್ಕೂ ಚಕ್ಕಡಿಗೂ ಒಂದು ಘಟಕ, ಆಟೋಗೆ ಅರ್ಧ. ರೈಲ್ವೆ ಮತ್ತು ರಾಜ್ಯ ಸರ್ಕಾರ ಅರ್ಧರ್ಧ ಖರ್ಚಿನಲ್ಲಿ ಮೇಲ್ಸೇತುವೆ ಕಟ್ಟಲು ಬಹುಕಾಲ ಬಳಕೆಯಲ್ಲಿದ್ದ ಅಳತೆ ಒಂದು ಲಕ್ಷ. ದಿನಕ್ಕೆ 3,000 ಘಟಕಗಳಿರುವ ರಸ್ತೆಯೊಂದು 60 ರೈಲುಗಳ ಮಾರ್ಗವನ್ನು ದಾಟಿದರೆ ಲೆಕ್ಕ 1,80,000 ಆಗುತ್ತದೆ. ಅದೇ ರಸ್ತೆ 16 ರೈಲುಗಳ ಗ್ರಾಮೀಣ ಮಾರ್ಗವನ್ನು ದಾಟಿದರೆ 48,000ಕ್ಕೆ ನಿಲ್ಲುತ್ತದೆ. ರಸ್ತೆಯ ಒತ್ತಡ ಒಂದೇ ಆದರೂ ಗಾಡಿಗಳು ಕಡಿಮೆ ಇರುವ ಮಾರ್ಗದ ಗೇಟು ಸರತಿಯಲ್ಲಿ ಹಿಂದೆಯೇ ಉಳಿಯುತ್ತದೆ. ಗಣತಿ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಅದು ಸುಗ್ಗಿ ಇಲ್ಲದ, ಮಾರುಕಟ್ಟೆ ಇಲ್ಲದ ತಿಂಗಳಿನಲ್ಲಿ ನಡೆದರೆ ಅಂಕಿ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಗಣತಿ ಯಾವ ತಿಂಗಳಲ್ಲಿ ಆಯಿತು ಎಂದು ಕೇಳಿ ತಿಳಿಯುವುದು ಪಂಚಾಯ್ತಿಯ ಹಕ್ಕೂ ಕರ್ತವ್ಯವೂ ಹೌದು. ಮಂಜೂರಾದ ಕೆಲಸ ಬಜೆಟ್ಟಿನೊಂದಿಗೆ ಬರುವ ರೈಲ್ವೆ ಕಾಮಗಾರಿಗಳ ಪಟ್ಟಿಯಾದ ಪಿಂಕ್ ಬುಕ್ಕಿನಲ್ಲಿ ಗೇಟುಗಳ 29ನೇ ಅಥವಾ ಸೇತುವೆಗಳ 30ನೇ ಯೋಜನಾ ಶೀರ್ಷಿಕೆಯಲ್ಲಿ ಕಾಣಿಸಬೇಕು. ಅಲ್ಲಿ ಸಾವಿರ ರೂಪಾಯಿಯ ಸಾಂಕೇತಿಕ ಮೊತ್ತವಷ್ಟೇ ಇದ್ದರೆ ಆ ವರ್ಷ ಕೆಲಸ ಆರಂಭವಾಗುವುದಿಲ್ಲವೆಂದೇ ತಿಳಿಯಬೇಕು.

ಕೆಳಸೇತುವೆ ಅಗ್ಗ ಮತ್ತು ಬೇಗ ಆಗುವಂಥದ್ದು. ಆದರೆ ಎರಿ ನೆಲದಲ್ಲಿ ನೀರು ಇಂಗುವುದು ನಿಧಾನ, ಹೊಲದ ಮಟ್ಟಕ್ಕಿಂತ ಕೆಳಗೆ ಇಳಿದ ರಸ್ತೆಯಲ್ಲಿ ನೀರು ನಿಂತರೆ ಹರಿದು ಹೋಗಲು ಜಾಗವೇ ಇರುವುದಿಲ್ಲ. ಹತ್ತಿರದ ಹಳ್ಳದ ತಳ ಕೆಳಸೇತುವೆಯ ತಳಕ್ಕಿಂತ ತಗ್ಗಿದೆಯೇ ಎಂಬುದನ್ನು ನಕಾಶೆ ಒಪ್ಪುವ ಮೊದಲೇ ಲೆವೆಲ್ ಹಿಡಿದು ನೋಡಬೇಕು. ತಗ್ಗಿಲ್ಲದಿದ್ದರೆ ಪಂಪು, ಇಳಿಜಾರಿಗೆ ಮೇಲ್ಛಾವಣಿ, ಅವುಗಳ ವಿದ್ಯುತ್ ಬಿಲ್ಲನ್ನು ಯಾರು ತುಂಬಬೇಕೆಂಬ ಲಿಖಿತ ಒಪ್ಪಂದ, ಇಷ್ಟೂ ಬೇಕು. ಕಣಕಿಯ ಹೇರು ಹಾಯುವಷ್ಟು ಎತ್ತರವಿಲ್ಲದ ಕೆಳಸೇತುವೆಯನ್ನು ಕಟ್ಟಿ ಗೇಟು ಮುಚ್ಚಿದರೆ ರೈತ ಸುಗ್ಗಿಯಲ್ಲಿ ಬಹಳ ದೂರ ಸುತ್ತಬೇಕಾಗುತ್ತದೆ, ಊರಿನವರು ಮುಚ್ಚಲು ಒಪ್ಪುವುದಿಲ್ಲ. ಗೇಟು ಮುಚ್ಚಲು ಜಿಲ್ಲಾಧಿಕಾರಿಯ ಒಪ್ಪಿಗೆಯೂ ಬೇಕಾದ್ದರಿಂದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹತ್ತಿರ ಹತ್ತಿರದ ಎರಡು ಗೇಟುಗಳಲ್ಲಿ ಒಂದನ್ನು ಹಳಿಯ ಪಕ್ಕದ ರಸ್ತೆಯಿಂದ ಇನ್ನೊಂದಕ್ಕೆ ಸೇರಿಸುವುದು ಬಹಳ ಕಡೆ ಸೇತುವೆಗಿಂತ ಒಳ್ಳೆಯ ಪರಿಹಾರ.

ದುರಸ್ತಿಯಾದ ಮೇಲೆ

ಜಲ್ಲಿ ಬದಲಿಸಿದ ಹಳಿಯ ವೇಗವನ್ನು ಒಂದೇ ಸಲಕ್ಕೆ ಪೂರ್ತಿ ಏರಿಸುವುದಿಲ್ಲ. ಗಾಡಿಗಳು ಹಾದು ಹಳಿ ಕೂತಂತೆ, ಮತ್ತೆ ಮತ್ತೆ ಕುಟ್ಟಿ ಬಿಗಿಗೊಳಿಸಿ, ಹಂತ ಹಂತವಾಗಿ ಏರಿಸುತ್ತಾರೆ. ಕೊನೆಯ ಹಂತವನ್ನು ಯಾರೂ ಕೇಳದಿದ್ದರೆ 75ರ ಮಿತಿ ಹಾಗೆಯೇ ಉಳಿದುಬಿಡುವುದುಂಟು. ಆದ್ದರಿಂದ ಹಳದಿ ಫಲಕಗಳನ್ನು ಕಿತ್ತಿದ್ದಾರೆಯೇ, ಕಾಷನ್ ಆರ್ಡರಿನಿಂದ ಆ ಗೇಟಿನ ಹೆಸರು ಹೋಗಿದೆಯೇ, ಎರಡು ನಿಲ್ದಾಣಗಳ ನಡುವಿನ ಓಟದ ಸಮಯ ಮೊದಲಿನಂತಾಗಿದೆಯೇ ಎಂದು ನೋಡಬೇಕು. ಮೊದಲ ದೊಡ್ಡ ಮಳೆಯ ಮರುದಿನ ರಸ್ತೆಯ ಬದಿಯಿಂದ ಮತ್ತೊಮ್ಮೆ ಗೇಟನ್ನು ನೋಡಿ, ಗಟಾರದ ನೀರು ಪೈಪಿನ ಆಚೆ ಬಾಯಿಂದ ಹೊರಗೆ ಬೀಳುತ್ತಿರುವುದನ್ನು ಖಚಿತಪಡಿಸಿಕೊಂಡ ನಂತರವೇ ದೂರಿನ ಕಡತವನ್ನು ಮುಚ್ಚಲು ಒಪ್ಪಬೇಕು.